ಕ್ರೋಧಿ ವರ್ಷದ ಅರ್ಧ ಹಾಳೆ

ಬ್ಲಫ್
೬ ಅಕ್ಟೋಬರ್ ೨೦೨೪

ಅಪ್ಪ,

ಪತ್ರ ಕಂಡು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ಹೊಟ್ಟೆಯಲ್ಲಿರುವುದೂ ಚೆನ್ನಾಗಿದೆ. ಯತೀಶ್ ಪವರ್ ಹೌಸಿಗೆ ಮೊದಲ ಪಾಳಿಗೆ ಹೋಗಿದ್ದಾರೆ. ಈ ಬ್ಲಫ್ ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ.

ಫೋನಿರುವಾಗ ಪತ್ರ ಯಾಕೆ ಅನ್ನುತ್ತೀಯ. ನಮ್ಮ ಮನೆಯಲ್ಲಿ ಫೋನು ಅಂದರೆ ರೇಡಿಯೋ ಇದ್ದ ಹಾಗೆ. ಅಮ್ಮ ಸ್ಪೀಕರ್ ಹಾಕದೆ ಮಾತಾಡುವುದಿಲ್ಲ, ನಾನು ಕೇಳಿದ್ದಕ್ಕೆ ಪಕ್ಕದ ಮನೆಯವರೂ ಉತ್ತರ ಕೊಡುತ್ತಾರೆ. ನನಗೆ ನಿನ್ನೊಬ್ಬನನ್ನೇ ಕೇಳಬೇಕಾದದ್ದಿದೆ.

ಮೊನ್ನೆ ಅಮ್ಮ ಎಷ್ಟು ಸಡಗರದಲ್ಲಿದ್ದಳು. "ಏಳು ತುಂಬ್ತಿದ್ದಂಗೆ ಮಡಿಲು ತುಂಬಿ ಕರ್ಕ ಬತ್ತೀವಿ ಕಣವ್ವ, ಯಾವ ಬಣ್ಣದ ಸೀರೆ ತರ್ಲಿ ಯೋಳು" ಅನ್ನುತ್ತಿದ್ದಳು. ಅಷ್ಟರಲ್ಲಿ ನೀನು ಫೋನು ಕಿತ್ತುಕೊಂಡು, "ಈಗ ಬರಾದು ಬ್ಯಾಡ ಕಣಮ್ಮ, ಅಲ್ಲೇ ಇರು" ಅಂದು ಕಟ್ ಮಾಡಿದೆ. ಆಮೇಲೆ ನಾನು ಮೂರು ಸಲ ಮಾಡಿದೆ. ಅಮ್ಮ ಎತ್ತಿ ಬರೀ ಅತ್ತಳು. ಅವಳಿಗೂ ಕಾರಣ ಗೊತ್ತಿಲ್ಲ ಅಂತ ಕಾಣುತ್ತದೆ.

ಮೊದಲ ಹೆರಿಗೆಗೆ ತವರಿಗೆ ಬರಬೇಡ ಅಂದವರನ್ನು ನಮ್ಮ ಕಡೆ ಕಂಡಿಲ್ಲ. ಇಲ್ಲಿ ನನಗೆ ಅತ್ತೆ ಇಲ್ಲ. ಮಳವಳ್ಳಿ ಆಸ್ಪತ್ರೆಗೆ ಇಪ್ಪತ್ತೈದು ಕಿಲೋಮೀಟರು. ಜನವರಿ ಮೊದಲ ವಾರ ಅಂದಿದ್ದಾರೆ ಡಾಕ್ಟರು. ಯೋಚನೆ ಮಾಡು.

ಹೋದ ವಾರ ಬೆಳಗಿನ ಜಾವ ಯತೀಶ್ ನನ್ನನ್ನು ಎಬ್ಬಿಸಿ ಹೊರಗೆ ಕರೆದು ಬಾಲಚುಕ್ಕಿ ತೋರಿಸಿದರು. ಪೂರ್ವಕ್ಕೆ, ಗುಡ್ಡದ ಮೇಲೆ, ಸೀಮೆಸುಣ್ಣದಲ್ಲಿ ಎಳೆದ ಹಾಗಿತ್ತು. ನೀನಿದ್ದಿದ್ದರೆ ಕೇರಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದೆ ಅಂದುಕೊಂಡು ನಕ್ಕೆ. ನೀನೂ ನೋಡಿದೆಯಾ?

ನಿನ್ನ ಮಗಳು
ನಾಗಶ್ರೀ


ಕೊತ್ತತ್ತಿ
೧೪ ಅಕ್ಟೋಬರ್ ೨೦೨೪

ಚಿರಂಜೀವಿ ನಾಗಶ್ರೀಗೆ,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲ ಸರಿಯಾಗಿದೆ.

ನೀನು ತಪ್ಪು ತಿಳಿಯಬಾರದು. ಬಚ್ಚಲಿಗೆ ಹೊಸ ಕಲ್ಲು ಹಾಕಿಸಿದ್ದೇನೆ, ಕಾಲಿಟ್ಟರೆ ಜಾರುತ್ತದೆ. ಕಬ್ಬು ಕಡಿಯುವ ಆಳುಗಳು ಬಂದು ಜಗಲಿಯಲ್ಲೇ ಮಲಗುತ್ತಿದ್ದಾರೆ. ನಿನ್ನ ಅಮ್ಮನಿಗೆ ಮಂಡಿ ನೋವು. ಈ ಗಲಾಟೆಯಲ್ಲಿ ಬಸುರಿಗೆ ನೆಮ್ಮದಿ ಇರುವುದಿಲ್ಲ. ಬ್ಲಫಿನ ಗಾಳಿ ಒಳ್ಳೆಯದು, ನೀರು ಒಳ್ಳೆಯದು. ಯತೀಶ್ ರಜೆ ಹಾಕಲಿ. ಆಸ್ಪತ್ರೆಗೆ ಮೈಸೂರಾದರೂ ಸರಿ.

ಯುಗಾದಿ ಕಳೆಯಲಿ. ಮಾರನೆಯ ದಿನವೇ ನಾನೇ ಕಾರು ಮಾಡಿಕೊಂಡು ಬಂದು ಕರೆತರುತ್ತೇನೆ.

ಹಣ್ಣು ತಿನ್ನು. ಬೆಳಗಿನ ಜಾವ ಹೊರಗೆ ನಿಲ್ಲಬೇಡ. ಆಕಾಶ ನೋಡಬೇಡ.

ಇತಿ ನಿನ್ನ ತಂದೆ
ಶಿವಣ್ಣ


ಬ್ಲಫ್
೨೪ ಅಕ್ಟೋಬರ್ ೨೦೨೪

ಅಪ್ಪ,

ಯುಗಾದಿ ಮಾರ್ಚ್ ಕೊನೆಗೆ ಬರುತ್ತದೆ. ನಿನ್ನ ಮೊಮ್ಮಗು ಜನವರಿಗೆ ಬರುತ್ತದೆ. ಮೂರು ತಿಂಗಳು ಒಳಗೇ ಇರು ಅಂತ ಅದಕ್ಕೆ ಯಾರು ಹೇಳುವುದು? ನೀನೇ ಒಂದು ಕಾಗದ ಬರೆದುಬಿಡು, ಚಿರಂಜೀವಿ ಎಂದು ಸಂಬೋಧಿಸಿ.

ತಮಾಷೆ ಮಾಡುವಷ್ಟು ಮನಸ್ಸಿಲ್ಲ ನನಗೆ. ಬಚ್ಚಲ ಕಲ್ಲಿನ ವಿಷಯ ಅಮ್ಮನನ್ನು ಕೇಳಿದೆ. "ಯಾವ ಕಲ್ಲು?" ಅಂದಳು. ಕಬ್ಬು ಕಡಿಯಲು ಇನ್ನೂ ಕಾರ್ಖಾನೆಯ ಚೀಟಿಯೇ ಬಂದಿಲ್ಲವಂತೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವನು ನೀನು. ಸುಳ್ಳು ಹೇಳುವ ಹುಡುಗರನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ನಿನಗೇ ಸುಳ್ಳು ಹೇಳಲು ಬರುವುದಿಲ್ಲ.

ಯತೀಶ್‌ನನ್ನು ನಾನೇ ಆರಿಸಿಕೊಂಡೆ ಅನ್ನುವ ಸಿಟ್ಟು ಇನ್ನೂ ಇದೆಯಾ? ಇದ್ದರೆ ಬಾಯಿ ಬಿಟ್ಟು ಬೈದುಬಿಡು. ಬೈಸಿಕೊಳ್ಳುವುದು ನನಗೆ ಕಷ್ಟವಲ್ಲ. ನಮ್ಮ ಮನೆಯ ಬಾಗಿಲು ನನಗೆ ಯಾಕೆ ಇಲ್ಲ ಅನ್ನುವುದು ಗೊತ್ತಾಗದೆ ನಿದ್ದೆ ಬರುತ್ತಿಲ್ಲ ಅಪ್ಪ.

ಅವರಿಗೆ ಪಾಳಿ ಬದಲಾಗುವ ಹಾಗಿಲ್ಲ. ಇಬ್ಬರು ಈಗಾಗಲೇ ರಜೆಯಲ್ಲಿದ್ದಾರೆ. ಹಗಲೆಲ್ಲ ಹೊಳೆ ಬೀಳುವ ಸದ್ದು ಕೇಳುತ್ತ ಕೂತಿರುತ್ತೇನೆ.

ನಾಗಶ್ರೀ


ಕೊತ್ತತ್ತಿ
೩ ನವೆಂಬರ್ ೨೦೨೪

ನಾಗೂ,

ದೀಪಾವಳಿಗೆ ನಿನ್ನ ಅಮ್ಮ ಒಬ್ಬಟ್ಟು ಮಾಡಲಿಲ್ಲ. ನನ್ನ ಜೊತೆ ಮಾತು ಬಿಟ್ಟು ತಿಂಗಳಾಯಿತು. ತಟ್ಟೆ ತಂದು ಮುಂದೆ ಇಟ್ಟು ಹೋಗುತ್ತಾಳೆ. ಇನ್ನು ಮುಚ್ಚಿಟ್ಟುಕೊಳ್ಳಲು ನನ್ನಿಂದ ಆಗದು. ಅವಳಿಗೆ ಹೇಳಬೇಡ.

ನಿನ್ನ ಮೇಲೆ ಸಿಟ್ಟಿಲ್ಲ. ಹೆದರಿಕೆ ನನಗೆ.

ಮಹಾಲಯ ಅಮಾವಾಸ್ಯೆಗೆ ಎಂಟು ದಿನ ಮುಂಚೆ ಹೆಳವರ ಮುದ್ದಯ್ಯ ಬಂದಿದ್ದ. ನಮ್ಮ ಮನೆತನದಲ್ಲಿ ಯಾರು ಯಾರಿಗೆ ಯಾವಾಗ ಹುಟ್ಟಿದರು ಎಂದು ತಲೆತಲಾಂತರದಿಂದ ಬರೆದಿಟ್ಟು ಓದಿ ಹೇಳುವವನು. ನೀನು ಚಿಕ್ಕವಳಿದ್ದಾಗ ಗಂಟೆ ಕಟ್ಟಿದ ಎತ್ತಿನ ಮೇಲೆ ಕೂತು ಬರುತ್ತಿದ್ದ. ಈಗ ಮೊಪೆಡ್ಡಿನಲ್ಲಿ ಬರುತ್ತಾನೆ, ಅದೇ ಗಂಟೆಯನ್ನು ಹ್ಯಾಂಡಲ್ಲಿಗೆ ಕಟ್ಟಿದ್ದಾನೆ. ನಿವೃತ್ತನಾದ ಮೇಲೆ ನನಗೆ ಇಂಥದ್ದರ ಮೇಲೆ ಆಸೆ. ಎಷ್ಟು ಹಿಂದಕ್ಕೆ ಸಿಗುತ್ತದೋ ಅಷ್ಟೂ ಓದು ಅಂದೆ.

"ಈಗ ನಡೀತಿರಾದು ಕ್ರೋಧಿ ಅಲ್ವಾ ಗೌಡ್ರೇ? ಇಲ್ಲೊಂದು ಅಳೇ ಕ್ರೋಧಿ ಅದೆ, ಕೇಳಿ" ಎಂದು ತೆಗೆದ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದು ನಿನಗೆ ಗೊತ್ತು. ಪೀಳಿಗೆಗಳನ್ನು ಎಣಿಸಿದೆ, ಆರು ಸುತ್ತು ಹಿಂದೆ. ೧೬೬೪. ಹಾಳೆ ಹರಿದ ಹಾಗೆಲ್ಲ ಹೊಸ ಪುಸ್ತಕಕ್ಕೆ ನಕಲು ಮಾಡುತ್ತ ಬಂದಿದ್ದಾರೆ. ಅವನು ಓದಿದ್ದನ್ನು ಹಾಗೇ ಬರೆದುಕೊಂಡೆ:

"ಕ್ರೋಧಿ ಸಂವತ್ಸರ. ಕಾರ್ತಿಕದಲ್ಲಿ ಕೆರೆ ಏರಿ ಒಡೆಯಿತು. ಎತ್ತು ಒಂಬತ್ತು ಹೋದವು. ಮಾರ್ಗಶಿರದಲ್ಲಿ ಬಾಲಚುಕ್ಕಿ ಕಂಡಿತು. ಹಿರಿಯ ಮಗನಿಗೆ ಗಂಡು ಹುಟ್ಟಿತು. ಕಿರಿಯ ಮಗನಿಗೆ ಅವಳಿ ಹುಟ್ಟಿದವು. ಮಗಳು ಚಿಕ್ಕಬೋರಮ್ಮ ಹೆರಿಗೆಗೆ ಬಂದಳು."

ಅಲ್ಲಿಗೆ ನಿಂತಿತು. ಕೆಳಗೆ ಅರ್ಧ ಹಾಳೆ ಖಾಲಿ. ಮುಂದಿನ ಹಾಳೆ ಮುಂದಿನ ವರ್ಷದ್ದು. ಆ ಗಂಡುಮಗು, ಅವಳಿ ಮಕ್ಕಳು ದೊಡ್ಡವರಾದದ್ದು, ಮದುವೆಯಾದದ್ದು ಎಲ್ಲ ಇದೆ. ಚಿಕ್ಕಬೋರಮ್ಮನ ಹೆಸರು ಮತ್ತೆ ಎಲ್ಲೂ ಇಲ್ಲ. "ಆಮ್ಯಾಕೆ?" ಅಂದೆ. "ಇಲ್ಲೀಗೆ ನಿಂತೋಗದೆ ಗೌಡ್ರೇ, ನೀವೇ ತಿಳ್ಕಳಿ" ಅಂದ.

ಆಮೇಲೆ ೧೯೬೪ರ ಕ್ರೋಧಿ ಓದಿದ. "ಸೊಸೆ ಮಂಚಮ್ಮ ತವರಿನಲ್ಲಿ ಹೆರಿಗೆಯಾಗಿ ತೀರಿದಳು." ನನ್ನ ಅವ್ವ. ಆಗ ನನಗೆ ಎರಡು ವರ್ಷ. ಅದು ಕ್ರೋಧಿ ವರ್ಷವೆಂದು ಅವತ್ತಿನವರೆಗೆ ನಾನು ಲೆಕ್ಕ ಹಾಕಿರಲೇ ಇಲ್ಲ.

ಅದಾಗಿ ವಾರ ಕಳೆದಿರಲಿಲ್ಲ. ಬೆಳಗಿನ ಜಾವ ಗದ್ದೆಗೆ ನೀರು ಬಿಡಲು ನಾಲೆ ಏರಿಯ ಮೇಲೆ ಹೋಗುತ್ತಿದ್ದೆ. ತಲೆ ಎತ್ತಿದರೆ ಬಾಲಚುಕ್ಕಿ. ಕೈಯಲ್ಲಿದ್ದ ಗುದ್ದಲಿ ಅಲ್ಲೇ ಬಿಟ್ಟು ಮನೆಗೆ ಬಂದೆ. ಅದು ಮಂಜುಗಡ್ಡೆ, ಅದು ಧೂಳು ಎಂದು ಸಾವಿರ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಒಣಗಿಹೋಗಿತ್ತು.

ನಗಬೇಕಾದರೆ ನಗು. ನೀನು ಎಲ್ಲಿ ಬೇಕಾದರೂ ಹೆರು, ಈ ಮನೆಯೊಂದು ಬೇಡ.

ಅಪ್ಪ


ಬ್ಲಫ್
೧೫ ನವೆಂಬರ್ ೨೦೨೪

ಅಪ್ಪ,

ನನಗೆ ನಗು ಬರಲಿಲ್ಲ.

ನೀನು ಹೇಳಬಾರದಿತ್ತು ಅಂತ ಮೊದಲು ಅನ್ನಿಸಿತು. ಈಗ ಹೆದರುವವರು ಇಬ್ಬರಾದೆವು. ಮಗು ಒದೆಯುವುದನ್ನು ಎಣಿಸುತ್ತೇನೆ, ಹತ್ತಾಗುವವರೆಗೆ ಮೇಲೇಳುವುದಿಲ್ಲ. ನಿನ್ನೆ ಮಧ್ಯಾಹ್ನ ಒಂದು ಗಂಟೆ ಅಲುಗಲಿಲ್ಲ. ಪಕ್ಕದ ಮನೆಯ ಪ್ರಿಯಾಂಕ ಬಂದು ಬೆಲ್ಲದ ನೀರು ಕುಡಿಸಿದ ಮೇಲೆ ಒದೆಯಿತು.

ಅಮ್ಮನಿಗೆ ಹೇಳದ ಇನ್ನೊಂದು ವಿಷಯ ಇದೆ. ಹೋದ ಸಲ ಬಿ.ಪಿ. ನೂರ ನಲವತ್ತು ಇತ್ತು. ಪಾದ ಊದಿಕೊಂಡು ಯತೀಶ್ ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ. ಮಾತ್ರೆ ಕೊಟ್ಟಿದ್ದಾರೆ. ನಿನಗೂ ಹೇಳಬಾರದು ಅಂದುಕೊಂಡಿದ್ದೆ.

ಆದರೂ ಕೇಳು. ಅಜ್ಜಿ ತೀರಿಕೊಂಡದ್ದು ರಕ್ತ ನಿಲ್ಲದೆ, ಎತ್ತಿನಗಾಡಿ ಮಂಡ್ಯ ಮುಟ್ಟುವ ಮೊದಲು. ಅದನ್ನು ನನಗೆ ಹೇಳಿದವನು ನೀನೇ. ಅವತ್ತು ನೀನು ವರ್ಷವನ್ನು ದೂರಲಿಲ್ಲ, ದಾರಿಯನ್ನು ದೂರಿದ್ದೆ.

ಕೆಲಸವಿಲ್ಲದೆ ಫೋನಿನಲ್ಲಿ ೧೬೬೪ ಎಂದು ಹುಡುಕಿದೆ. ಆ ಬಾಲಚುಕ್ಕಿಯನ್ನು ಯುರೋಪಿನವರೂ ನೋಡಿದ್ದರಂತೆ. ಮಾರನೆಯ ವರ್ಷ ಲಂಡನ್ನಿಗೆ ಪ್ಲೇಗು ಬಂದಾಗ ಅದನ್ನೇ ಬೈದರಂತೆ. ಕೆಳಗೆ ಆ ವರ್ಷ ಹುಟ್ಟಿದವರ ಉದ್ದ ಪಟ್ಟಿ. ರಾಜರು, ಕವಿಗಳು, ದಂಡನಾಯಕರು. ಎಲ್ಲರೂ ಹುಟ್ಟಿದ್ದಾರೆ, ಹೆತ್ತವಳ ಹೆಸರು ಮಾತ್ರ ಒಂದೂ ಇಲ್ಲ. ಪಟ್ಟಿ ಓದುತ್ತ ಓದುತ್ತ ನನಗೊಂದು ಅನುಮಾನ ಬಂತು.

ನಾನು ಲೆಕ್ಕದ ಮೇಡಮ್ಮಾಗಿದ್ದವಳು, ಒಂದೇ ಪ್ರಶ್ನೆ ಕೇಳುತ್ತೇನೆ. ಮುದ್ದಯ್ಯನ ಪುಸ್ತಕದಲ್ಲಿ ನಿನ್ನ ಹೆಸರಿದೆ. ಅಮ್ಮನ ಹೆಸರಿದೆ. ನನ್ನ ಹೆಸರಿದೆಯಾ? ಬದುಕಿರುವ ನಾನೇ ಅದರಲ್ಲಿಲ್ಲದಿದ್ದರೆ, ಹೆಸರಿಲ್ಲ ಅಂದಮಾತ್ರಕ್ಕೆ ಆ ಚಿಕ್ಕಬೋರಮ್ಮ ಸತ್ತಳು ಅಂತ ಹೇಗೆ ತಿಳಿದೆ?

ನಾಗು


ಕೊತ್ತತ್ತಿ
೨೮ ನವೆಂಬರ್ ೨೦೨೪

ನಾಗೂ,

ನಿನ್ನ ಹೆಸರಿಲ್ಲ.

ಕಾಗದ ಬಂದ ಮಾರನೆಯ ದಿನವೇ ಮದ್ದೂರಿನ ಬಸ್ಸು ಹಿಡಿದೆ. ಮುದ್ದಯ್ಯ ಬೆಸಗರಹಳ್ಳಿ ಕಡೆ ಮಗಳ ಮನೆಯಲ್ಲಿದ್ದಾನೆ ಅಂದರು. ಅಲ್ಲಿಗೂ ಹೋದೆ. ಪುಸ್ತಕ ತೆಗೆಸಿ ನೋಡಿದೆ. ಶಿವಣ್ಣ, ಹೆಂಡತಿ ಚಲುವಮ್ಮ, ಅಷ್ಟೇ. ಗಂಡುಸಂತಾನ ಇಲ್ಲವೆಂದು ಗೆರೆ ಎಳೆದಿದ್ದಾನೆ. ನೀನು ಹುಟ್ಟಿದ್ದೇ ಇಲ್ಲವೇನೋ ಅನ್ನುವ ಹಾಗೆ. ನನಗೆ ರೇಗಿಹೋಯಿತು.

"ಎಣ್ಣುಮಕ್ಕಳ್ನ ತವರಲ್ಲಿ ಬರೆಯಕಿಲ್ಲ ಗೌಡ್ರೇ, ಬಂದೋದ್ರೆ ಒಂದು ಸಾಲು ಅಷ್ಟೇಯ, ಮಿಕ್ಕಿದ್ದು ಕೊಟ್ಟ ಮನೆ ಪುಸ್ತಕದಲ್ಲಿ ಬರೀತೀವಿ. ನಮ್ಮ ತಾತನ ಕಾಲದಿಂದ್ಲೂ ಅಂಗೇ. ನಿಮ್ಗೆ ಗೊತ್ತು ಅನ್ಕಂಡಿದ್ದೆ" ಅಂದ.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕೇಳಿದ್ದೇನೆ, ಯಾರಿದ್ದಾರೆ ಎಂದು ಕೇಳಿದೆನೇ ಹೊರತು ಯಾರಿಲ್ಲ ಎಂದು ಕೇಳಲಿಲ್ಲ.

ಚಿಕ್ಕಬೋರಮ್ಮನನ್ನು ಕೊಟ್ಟದ್ದು ಮಳವಳ್ಳಿ ಕಡೆಯ ಒಂದು ಊರಿಗಂತೆ. ಆ ಊರಿನ ಮನೆಗಳು ಮುದ್ದಯ್ಯನ ಅಣ್ಣ ದೊಡ್ಡಸಿದ್ದಯ್ಯನ ಪಾಲಿಗೆ ಹೋಗಿವೆ. ಅಣ್ಣತಮ್ಮಂದಿರು ಮನೆ ಹಂಚಿಕೊಂಡ ಹಾಗೆ ಪುಸ್ತಕಗಳನ್ನೂ ಹಂಚಿಕೊಂಡಿದ್ದಾರೆ. ಈಗ ಮುಖ ನೋಡುವುದಿಲ್ಲ. ಆ ಊರಿಗೂ ನಮಗೂ ಹೆಣ್ಣು ಕೊಡುವುದು ತರುವುದು ಇಲ್ಲ ಎಂದು ನನ್ನಜ್ಜ ಹೇಳುತ್ತಿದ್ದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ದೊಡ್ಡಸಿದ್ದಯ್ಯ ಊರೂರು ತಿರುಗುತ್ತಿದ್ದಾನೆ, ಹತ್ತು ದಿನಕ್ಕೆ ಬರುತ್ತಾನಂತೆ. ಅವಳು ಬದುಕಿದ್ದಳು ಎಂದು ಕಣ್ಣಾರೆ ಓದಿಬಿಡುತ್ತೇನೆ. ಆಮೇಲೆ ನೇರ ನಿನ್ನ ಬಳಿಗೆ ಬರುತ್ತೇನೆ. ಅಲ್ಲಿಯವರೆಗೆ ತಡೆದುಕೋ ತಾಯಿ. ಉಪ್ಪು ಕಡಿಮೆ ಮಾಡು.

ಅಪ್ಪ


ಬ್ಲಫ್
೮ ಡಿಸೆಂಬರ್ ೨೦೨೪

ಅಪ್ಪ,

ಹೆಚ್ಚು ಬರೆಯಲು ಆಗುತ್ತಿಲ್ಲ, ತಲೆ ಸಿಡಿಯುತ್ತಿದೆ. ಬಿ.ಪಿ. ನೂರ ಐವತ್ತು. ಒಬ್ಬಳೇ ಇರಬೇಡ, ದೊಡ್ಡ ಆಸ್ಪತ್ರೆ ಹತ್ತಿರ ಇರುವ ಕಡೆ ಹೋಗು ಅಂದಿದ್ದಾರೆ. ನಮ್ಮ ಮನೆಯಿಂದ ಮಂಡ್ಯಕ್ಕೆ ಕಾಲು ಗಂಟೆ. ಯತೀಶ್‌ಗೆ ನಾನು ಪೂರ್ತಿ ಹೇಳಿಲ್ಲ. ಹೇಳಿದರೆ ಇವತ್ತೇ ಕರೆದುಕೊಂಡು ಬಂದು ನಿಮ್ಮ ಹೊಸ್ತಿಲಲ್ಲಿ ನಿಲ್ಲಿಸುತ್ತಾರೆ. ನೀನು ಬೇಡ ಅಂದರೆ ಅವರ ಮುಂದೆ ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ?

ಆ ಪುಸ್ತಕ ಸಿಗಲಿ, ಸಿಗದಿರಲಿ. ಚಿಕ್ಕಬೋರಮ್ಮ ಬದುಕಿದ್ದಿರಲಿ, ಸತ್ತಿರಲಿ.

ಅಪ್ಪ, ನಾನು ಬರಲಾ?

ನಾಗು


ಕೊತ್ತತ್ತಿ
೧೨ ಡಿಸೆಂಬರ್ ೨೦೨೪, ಸಂಜೆ

ನಾಗೂ,

ನಿನ್ನ ಕಾಗದ ಬೆಳಗ್ಗೆಯೇ ಬಂದಿತ್ತಂತೆ. ನಾನು ಮಳವಳ್ಳಿಯಲ್ಲಿದ್ದೆ. ಈಗ ಬಂದು ನೋಡಿದೆ. ಕೂಡಲೇ ಫೋನು ಮಾಡಿದರೆ ನೀನು ಎತ್ತಲಿಲ್ಲ. ಯತೀಶ್ ಎತ್ತಿ, "ಮಾತ್ರೆ ತಗಂಡು ಮಲಗವ್ಳೆ ಮಾವ, ಆರಾಮಾಗವ್ಳೆ" ಅಂದ. ಪಾಪ, ಅವನಿಗೆ ಗೊತ್ತಿಲ್ಲ, ನೀನು ಮುಚ್ಚಿಟ್ಟದ್ದನ್ನು ನಾನೂ ಬಿಟ್ಟುಕೊಡಲಿಲ್ಲ. ನಾಳೆ ಬೆಳಗ್ಗೆ ಬರುತ್ತೇನೆ ಅಂದಿದ್ದೇನೆ.

ದೊಡ್ಡಸಿದ್ದಯ್ಯ ಸಿಕ್ಕಿದ. ಆ ಮನೆಯ ಪುಸ್ತಕದ ಕ್ರೋಧಿ ವರ್ಷ ಓದಿಸಿದೆ. ಒಂದಕ್ಷರ ಬಿಡದೆ ಬರೆದುಕೊಂಡೆ:

"ಸೊಸೆ ಚಿಕ್ಕಬೋರಮ್ಮ ಹೆರಿಗೆಗೆ ತವರಿಗೆ ಹೋದಳು. ಬಾಲಚುಕ್ಕಿ ಕಂಡಿದೆಯೆಂದು, ಮನೆಗೆ ಕೇಡೆಂದು ತಂದೆ ಬಾಗಿಲು ತೆಗೆಯಲಿಲ್ಲ. ಎರಡು ದಿನ ಜಗಲಿಯಲ್ಲಿದ್ದು ಕೊಟ್ಟಿಗೆಯಲ್ಲಿ ಹೆತ್ತಳು. ಗಂಡುಮಗು. ಮೂರನೆಯ ದಿನ ತಾಯಿ ತೀರಿದಳು. ಮಗುವನ್ನು ತಂದು ಸಾಕಿದೆವು. ಆ ಮನೆಯ ಕೊಡುಕೊಳೆ ನಿಂತಿತು."

ಬದುಕಿದ್ದಳು ಎಂದು ಓದಲು ಹೋಗಿದ್ದೆ. ಇದನ್ನು ಓದಿ ಬಂದೆ.

ಬಸ್ಸಿನಲ್ಲಿ ಕೂತು ಉದ್ದಕ್ಕೂ ಆ ಗೌಡನನ್ನೇ ಯೋಚಿಸಿದೆ. ಅವನೂ ಮಗಳ ಮೇಲಿನ ಪ್ರೀತಿಗೇ ಹಾಗೆ ಮಾಡಿದೆ ಅಂದುಕೊಂಡಿದ್ದನೋ ಏನೋ. ಒಳಗೆ ಚಿಲಕ ಹಿಡಿದುಕೊಂಡು ಕೂತಿದ್ದನೋ ಏನೋ. ಅವಳು ಜಗಲಿಯಿಂದ ಅವನನ್ನು ಏನೆಂದು ಕರೆದಳೋ. ಮುನ್ನೂರ ಅರವತ್ತು ವರ್ಷದ ಮೇಲೆ ಅವನು ಮಾಡಿದ್ದನ್ನೇ ನಾನು ಮಾಡುತ್ತಿದ್ದೇನೆ, ಅದೂ ಅವನ ಪುಸ್ತಕ ಓದಿಕೊಂಡು.

ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಎರಡು ತಿಂಗಳಿಂದ ಮುಚ್ಚಿದ್ದ ಬಾಯಿ ತೆಗೆದಳು. "ಯಾವತ್ತಿನದೋ ಚುಕ್ಕಿಗೆ ಎದರ್ಕಂಡ್ರಿ. ನಿಮ್ಮ ಬಸ್ರಿ ಮಗ್ಳು ಒಬ್ಳೇ ಕುಂತವ್ಳಲ್ಲ, ಅದ್ಕೆ ಎದರ್ಕೆ ಆಗ್ಲಿಲ್ವಾ ನಿಮ್ಗೆ?" ಅಂದಳು. ಈಗ ನಡುಮನೆ ಗುಡಿಸಿ ಮಂಚ ಹಾಕುತ್ತಿದ್ದಾಳೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಮೊದಲ ಬಸ್ಸಿಗೆ ಹೊರಟು ನಾನೇ ತರುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರ: ಬಾ. ನಿನ್ನ ಮನೆ.

ಅಪ್ಪ


ಕೊತ್ತತ್ತಿ
೨೮ ಮಾರ್ಚ್ ೨೦೨೫

ಹೆಳವರ ಮುದ್ದಯ್ಯನವರಿಗೆ ಕೊತ್ತತ್ತಿಯ ಶಿವಣ್ಣ ಮಾಡುವ ನಮಸ್ಕಾರ.

ನಾಡಿದ್ದು ಯುಗಾದಿ. ಕ್ರೋಧಿ ಮುಗಿಯುವ ಮೊದಲು ನಮ್ಮ ಮನೆಯ ಹಾಳೆಯಲ್ಲಿ ಬರೆಯಬೇಕಾದದ್ದಿದೆ. ನೀವು ಈ ಕಡೆ ಬರುವ ಹೊತ್ತಿಗೆ ನನಗೆ ಮರೆವು ಬರಬಹುದು, ಅಥವಾ ನನಗೆ ಬೇಕಾದ ಹಾಗೆ ನೆನಪು ತಿದ್ದಿಕೊಂಡಿರಬಹುದು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಿಮ್ಮ ಅಣ್ಣನ ಪುಸ್ತಕ ಓದಿಸಿದ ಮಾರನೆಯ ಬೆಳಗ್ಗೆ ಎಂಟೂವರೆಗೆ ಮಗಳಿರುವ ಬ್ಲಫ್ ಮುಟ್ಟಿದೆ. ಅಳಿಯ ಮೊದಲ ಪಾಳಿಗೆ ಹೋಗಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ, ಕೂಗಿದೆ. ಒಳಗೆ ಏನೋ ಬಿದ್ದ ಸದ್ದಾಯಿತು. ಆಮೇಲೆ ನನ್ನ ಮಗಳ ದನಿ: "ಅಪ್ಪಾ, ಕಣ್ಣು ಕಾಣ್ತಿಲ್ಲ. ಬಾಗ್ಲು ಎಲ್ಲದೆ?"

ಮುದ್ದಯ್ಯ, ಅವಳು ಗೋಡೆ ಸವರಿಕೊಂಡು ಬಂದು ಚಿಲಕ ಹುಡುಕುವವರೆಗೆ ನಾನು ಹೊರಗೆ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವಳ ಬೆರಳು ಹಲಗೆಯ ಮೇಲೆ ಓಡಾಡುವುದು ಕೇಳಿಸುತ್ತಿತ್ತು. "ಇನ್ನೂ ಮ್ಯಾಕೆ, ಇನ್ನೂ ಮ್ಯಾಕೆ ಕಣವ್ವ" ಅನ್ನುತ್ತ ಹೊರಗಿನಿಂದ ಅದೇ ಜಾಗದಲ್ಲಿ ನಾನೂ ಕೈ ಇಟ್ಟಿದ್ದೆ. ಅಷ್ಟು ಹೆದರಿಕೆ ನನಗೆ ಯಾವ ಚುಕ್ಕಿ ಕಂಡಾಗಲೂ ಆಗಿರಲಿಲ್ಲ.

ಆಂಬುಲೆನ್ಸಿನಲ್ಲಿ ಎರಡು ಸಲ ಫಿಟ್ಸ್ ಬಂತು. ಮಂಡ್ಯದಲ್ಲಿ ಕೂಡಲೇ ಆಪರೇಷನ್ ಮಾಡಿ ಮಗು ತೆಗೆದರು. ಎರಡು ದಿನ ಅವಳಿಗೆ ಕಣ್ಣು ಕಾಣಲಿಲ್ಲ. ಜೇಬಿನಲ್ಲಿದ್ದ ಕಾಗದವನ್ನು ಆಸ್ಪತ್ರೆಯಲ್ಲಿ ನಾನೇ ಓದಿ ಹೇಳಿದೆ. ಚಿಕ್ಕಬೋರಮ್ಮನ ಜಾಗ ಬಂದಾಗ ನಿಲ್ಲಿಸಿದೆ. "ಪೂರ್ತಿ ಓದಪ್ಪ" ಅಂದಳು. ಪೂರ್ತಿ ಓದಿದೆ. ಮೂರನೆಯ ದಿನ ಅವಳು ಮೊದಲು ನೋಡಿದ್ದು ಗೋಡೆಯ ಮೇಲಿನ ಗಡಿಯಾರವನ್ನಂತೆ. ಹದಿನೈದನೆಯ ದಿನ ಮನೆಗೆ ಬಂದರು. ಚಲುವಮ್ಮ ಹೊಸ್ತಿಲಲ್ಲಿ ಆರತಿ ಎತ್ತಿದಳು. ನಾನು ಬಾಗಿಲಿನ ಎರಡೂ ರೆಕ್ಕೆ ತೆಗೆದು ಹಿಡಿದುಕೊಂಡು ನಿಂತಿದ್ದೆ.

ಇವತ್ತಿಗೂ ಸರಿಹೊತ್ತಿನಲ್ಲಿ ಎದ್ದು ಇಬ್ಬರೂ ಉಸಿರಾಡುತ್ತಿದ್ದಾರಾ ಎಂದು ನೋಡುತ್ತೇನೆ. ಯುಗಾದಿ ಕಳೆದರೂ ಇದು ಹೋಗುವುದಿಲ್ಲ ಅಂತ ಕಾಣುತ್ತದೆ.

ಹೆಣ್ಣುಮಕ್ಕಳನ್ನು ತವರಿನ ಪುಸ್ತಕದಲ್ಲಿ ಬರೆಯುವುದಿಲ್ಲ ಅಂದಿರಿ. ನಮ್ಮದರಲ್ಲಿ ಬರೆಯಿರಿ. ನಿಮ್ಮ ಅಣ್ಣನ ಜೊತೆ ಮಾತಾಡಿದ್ದೇನೆ. ಎರಡೂ ಪುಸ್ತಕ ಒಂದೆಡೆ ಇಟ್ಟು ನಕಲು ಮಾಡಲು ಒಪ್ಪಿದ್ದಾನೆ, ನೀವೂ ಒಪ್ಪಿಕೊಳ್ಳಿ. ಮೊದಲು ಆ ಅರ್ಧ ಹಾಳೆ ತುಂಬಿಸಿ, ಅವನ ಪುಸ್ತಕದಲ್ಲಿ ಇರುವ ಹಾಗೆಯೇ. ಆಮೇಲೆ ನಮ್ಮದು ಹೀಗೆ ಬರೆಯಿರಿ:

"ಕ್ರೋಧಿ ಸಂವತ್ಸರ. ಭಾದ್ರಪದದಲ್ಲಿ ಬಾಲಚುಕ್ಕಿ ಕಂಡಿತು. ಶಿವಣ್ಣ, ಚಲುವಮ್ಮನ ಮಗಳು ನಾಗಶ್ರೀಗೆ ಮಾರ್ಗಶಿರದಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಇದ್ದಾರೆ."

ಮುಂದಿನ ಕ್ರೋಧಿ ಎರಡು ಸಾವಿರದ ಎಂಬತ್ತನಾಲ್ಕಕ್ಕೆ. ಈ ಮಗುವಿಗೆ ಆಗ ಅರವತ್ತು. ನಿಮ್ಮ ಮೊಮ್ಮಗನೋ ಮರಿಮಗನೋ ಬಂದು ಅವಳ ಮುಂದೆ ಕೂತು ಓದುತ್ತಾನೆ. ಅವಳಿಗೂ ಒಬ್ಬ ಬಸುರಿ ಮಗಳಿರಬಹುದು. ಅದಕ್ಕೇ ಇನ್ನೊಂದು ಸಾಲು ಸೇರಿಸಬೇಕು. ನನ್ನ ಮರ್ಯಾದೆ ನೋಡಿ ಬಿಡಬೇಡಿ:

"ಹೆದರಿ ತಂದೆ ಎರಡು ತಿಂಗಳು ಬಾಗಿಲು ತೆಗೆದಿರಲಿಲ್ಲ."

ಇಂತಿ
ಶಿವಣ್ಣ
ನಾಗಶ್ರೀಯ ತಂದೆ